ನಾನು ಓದಿದ ಪಾಲಿಸಿ

ಕೆಲವರು ಹೋದಲ್ಲಿ ಮಳೆ ಬರುತ್ತದಂತೆ. ನಾನು ಹೋದಲ್ಲಿ ಗೊಂದಲ ಬರುತ್ತದೆ, ಅದೂ ನಾನು ಕಾಲೇಜಿನಲ್ಲಿ ಎಂತ ಓದಿದ್ದು ಎಂದು ಹೇಳಿದ ಕೂಡಲೇ. ಮೊನ್ನೆ ಕೂಡ ಆಯಿತು. ಜ್ವರ ಎಂದು ಕಾಪುವಿನಲ್ಲಿ ಹೊಸ ಡಾಕ್ಟರ ಹತ್ತಿರ ಹೋದರೆ ಅವರು ನಾಡಿ ಹಿಡಿದುಕೊಂಡು, "ಡಿಗ್ರಿಯಲ್ಲಿ ಎಂತ ಸಬ್ಜೆಕ್ಟ್ ಮೇಡಂ?" ಎಂದು ಕೇಳಿದರು. "ಪಬ್ಲಿಕ್ ಪಾಲಿಸಿ" ಎಂದೆ. ಅವರು ಮೆಲ್ಲಗೆ ಕೈ ಬಿಟ್ಟು, "ನನ್ನದು ಎಲ್ಲ ಆಗಿದೆ, ಹೆಂಡತಿಯದ್ದೂ ಆಗಿದೆ" ಎಂದರು. ನನಗೆ ಜ್ವರ ಎಷ್ಟಿತ್ತು ಎಂದು ಅವರು ಇವತ್ತಿನವರೆಗೆ ಹೇಳಿಲ್ಲ.

ಇದು ಶುರುವಾದದ್ದು ಎರಡು ಸಾವಿರದ ಇಸವಿಯ ಆಚೀಚೆ. ಉಡುಪಿಯ ಒಂದು ಕಾಲೇಜಿನಲ್ಲಿ ಬಿ.ಎ.ಗೆ ಆ ವಿಷಯವನ್ನು ಹೊಸದಾಗಿ ತಂದಿದ್ದರು. ಸರಕಾರ ಒಂದು ಕೆಲಸವನ್ನು ಯಾಕೆ ಮಾಡುತ್ತದೆ, ಹೇಗೆ ಮಾಡುತ್ತದೆ, ಮಾಡಿದ್ದು ಕೊನೆಗೆ ಯಾರಿಗೆ ತಲುಪುತ್ತದೆ, ಇದನ್ನು ಓದುವುದು. ಹೇಳಲಿಕ್ಕೆ ಇಷ್ಟೇ. ಆದರೆ ಇಷ್ಟನ್ನು ಪೂರ್ತಿ ಹೇಳಿ ಮುಗಿಸಲಿಕ್ಕೆ ನನ್ನನ್ನು ಯಾರೂ ಬಿಟ್ಟದ್ದಿಲ್ಲ.

೧. ಮಾವನ ಅಪ್ಪಣೆ

ನಮ್ಮ ಮನೆ ಕಾಪುವಿನಲ್ಲಿ. ಮನೆಯಲ್ಲಿ ಅಪ್ಪ ಇದ್ದರು, ಅಮ್ಮ ಇದ್ದರು, ತೀರ್ಮಾನ ಮಾತ್ರ ಇದ್ದದ್ದು ಕಾರ್ಕಳದಲ್ಲಿ, ಸೋದರಮಾವನ ಹತ್ತಿರ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಗಳಲ್ಲಿ ಹಾಗೆಯೇ. ಅಪ್ಪ ಫೀಸು ಕಟ್ಟುವವರು, ಮಾವ ಹೌದು ಅಲ್ಲ ಹೇಳುವವರು. ಅದರಲ್ಲಿ ಅಪ್ಪನಿಗೆ ಬೇಸರ ಇರಲಿಲ್ಲ. ತಮ್ಮ ತಂಗಿಯ ಮಕ್ಕಳ ವಿಷಯ ಬಂದರೆ ಅವರೂ ಇಸ್ತ್ರಿ ಅಂಗಿ ಹಾಕಿ ಪಡುಬಿದ್ರಿಗೆ ಹೋಗಿ, ಅಲ್ಲಿಯ ಭಾವನ ಎದುರಿಗೇ ದೊಡ್ಡ ಸ್ವರದಲ್ಲಿ ತೀರ್ಮಾನ ಕೊಟ್ಟು ಬರುತ್ತಿದ್ದರು.

ಮಾವ ವಿಮೆ ಏಜೆಂಟರು. ಕಾರ್ಕಳದಲ್ಲಿ ಅವರು ಎದುರಿಗೆ ಬಂದರೆ ಜನ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು, ಮಾವನೂ ದಾಟುತ್ತಿದ್ದರು. ಪಿಯುಸಿ ರಿಸಲ್ಟ್ ಬಂದ ವಾರ ಅವರು ಕಾಪುವಿಗೆ ಬಂದು ಕೂತರು. ಅಮ್ಮನಿಗೆ ನಾನು ಟೀಚರ್ ಆಗಬೇಕೆಂದು ಆಸೆ. ಟಿ.ಸಿ.ಎಚ್. ಎಂದು ಶಿಕ್ಷಕರ ತರಬೇತಿ ಇತ್ತಲ್ಲ, ಅದಕ್ಕೆ ಒಂದು ಸೀಟಿಗೆ ಹೇಳಿಯೂ ಆಗಿತ್ತು. ನನಗೋ ಸಣ್ಣ ಮಕ್ಕಳೆಂದರೆ ಮಂಡೆಬಿಸಿ. ಅವರು ಒಂದು ಹೇಳಿದರೆ ನಾನು ಎರಡು ಹೇಳುತ್ತೇನೆ, ಆಮೇಲೆ ಇಬ್ಬರೂ ಅಳುತ್ತೇವೆ.

"ನಿನಗೆ ಎಂತ ಓದಬೇಕು?" ಎಂದು ಮಾವ ಕೇಳಿದರು.

"ಪಬ್ಲಿಕ್ ಪಾಲಿಸಿ, ಮಾವ."

ಚಾ ಲೋಟ ಅವರ ಬಾಯಿಯ ಹತ್ತಿರ ಹೋದದ್ದು ಅಲ್ಲಿಯೇ ನಿಂತಿತು. "ಪಾಲಿಸಿಗೆ ಈಗ ಡಿಗ್ರಿಯೂ ಬಂತಾ?"

"ಈ ವರ್ಷದಿಂದ ಬಂದಿದೆ."

"ಗವರ್ನಮೆಂಟಿನದ್ದೋ, ಪ್ರೈವೇಟಿನದ್ದೋ?"

"ಎರಡೂ ಉಂಟು. ಹೆಚ್ಚು ಗವರ್ನಮೆಂಟಿನದ್ದೇ."

"ಅದೇ ಒಳ್ಳೆಯದು. ಪ್ರೈವೇಟಿನವರು ಇವತ್ತು ಬರುತ್ತಾರೆ, ನಾಳೆ ಹೋಗುತ್ತಾರೆ. ಮನೆಮನೆಗೆ ಹೋಗಲಿಕ್ಕೆ ಉಂಟಾ?"

"ಉಂಟು ಮಾವ. ಮನೆಮನೆಗೆ ಹೋಗಿ ಜನರ ಹತ್ತಿರ ಮಾತಾಡಬೇಕು. ಅದಕ್ಕೆ ಮಾರ್ಕೂ ಉಂಟು."

ಮಾವ ಅಮ್ಮನ ಕಡೆ ತಿರುಗಿದರು. ನಿಜವಾಗಿ ಹೇಳುತ್ತೇನೆ, ಅವರ ಕಣ್ಣಲ್ಲಿ ನೀರಿತ್ತು. "ನಾನು ಬಿಸಿಲಲ್ಲಿ ನಡೆದು ನಡೆದು ಕಲಿತದ್ದನ್ನು ಇವಳು ಫ್ಯಾನಿನ ಅಡಿ ಕೂತು ಕಲಿಯುತ್ತಾಳೆ ಮಾರಾಯ್ತಿ. ನೀನು ಅಡ್ಡ ಬರಬೇಡ." ಅಮ್ಮನ ಟಿ.ಸಿ.ಎಚ್. ಅಲ್ಲಿಗೆ ಬಿತ್ತು. ಹೊರಡುವಾಗ ಮಾವ ನನ್ನ ತಲೆಯ ಮೇಲೆ ಕೈ ಇಟ್ಟು, "ಎಂಡೋಮೆಂಟ್ ವಿಷಯ ಮಾತ್ರ ಚೆಂದ ಮಾಡಿ ಓದು. ನಮ್ಮ ಜನರಿಗೆ ಆಗುವುದು ಅದೇ" ಎಂದರು.

ದೇವಸ್ಥಾನಗಳನ್ನು ನೋಡಿಕೊಳ್ಳುವ ಸರಕಾರದ ಇಲಾಖೆಗೆ ನಮ್ಮ ಕಡೆ ಎಂಡೋಮೆಂಟ್ ಎಂದೇ ಹೇಳುವುದು. ವಿಮೆಯಲ್ಲೂ ಆ ಹೆಸರಿನದ್ದು ಒಂದು ಉಂಟೆಂದು ನನಗೆ ಎಲ್ಲಿ ಗೊತ್ತು? ಮಾವನಿಗೆ ವಯಸ್ಸಾಯಿತು, ಭಕ್ತಿ ಬಂತು ಎಂದುಕೊಂಡೆ. ಅವರ ಮಾತಿಗೆ ಬೆಲೆ ಕೊಟ್ಟು ಮೊದಲ ವರ್ಷದ ಪ್ರಬಂಧವನ್ನು ಎಲ್ಲೂರಿನ ಹಳೆಯ ಶಿವ ದೇವಸ್ಥಾನದ ಆಡಳಿತದ ಮೇಲೆಯೇ ಬರೆದು, ರಟ್ಟಿನ ಮೇಲೆ ದೇವಸ್ಥಾನದ ಚಿತ್ರ ಅಂಟಿಸಿ, ಅವರಿಗೂ ಒಂದು ಪ್ರತಿ ಕಳುಹಿಸಿದೆ. ಮಾವ ಅದನ್ನು ಬಿಡಿಸಿ ನೋಡಲೇ ಇಲ್ಲವಂತೆ. ಕಣ್ಣಿಗೆ ಒತ್ತಿಕೊಂಡು ದೇವರ ಕೋಣೆಯಲ್ಲಿ ಇಟ್ಟು ದಿನಾ ಹೂ ಹಾಕುತ್ತಿದ್ದರು ಎಂದು ಮಾಮಿ ಆಮೇಲೆ ಹೇಳಿದರು.

೨. ಕಲ್ಯಾಣಪುರದ ಬಾಯಿ

ಮಾವನ ಗಿರಾಕಿಗಳಲ್ಲಿ ಕಲ್ಯಾಣಪುರದ ಒಬ್ಬ ಬಾಯಿ ಇದ್ದರು. ಕ್ರಿಸ್ತಿಯನ್ ಹೆಂಗಸರಿಗೆ ನಮ್ಮ ಕಡೆ ಬಾಯಿ ಎಂದೇ ಹೇಳುವುದು. ಮನೆಯಲ್ಲಿ ಕೊಂಕಣಿ ಮಾತಾಡುವವರು, ಇಗರ್ಜಿಯ ಹತ್ತಿರ ಮನೆ. ಗಂಡ ಗಲ್ಫಿನಿಂದ ದುಡ್ಡು ಕಳುಹಿಸುವವರು, ಇಲ್ಲಿ ಎಲ್ಲ ನೋಡಿಕೊಳ್ಳುವವರು ಬಾಯಿ. ಅವರಿಗೆ ಏನೋ ಸಂಶಯ ಬಂದಾಗ ಮಾವ, "ನೀವು ಕಾರ್ಕಳದವರೆಗೆ ಯಾಕೆ ಬರುತ್ತೀರಿ? ನನ್ನ ಸೊಸೆ ಉಡುಪಿಯಲ್ಲೇ ಪಾಲಿಸಿ ಓದುತ್ತಾ ಇದ್ದಾಳೆ, ಅವಳನ್ನು ಕೇಳಿ" ಎಂದು ಕಳುಹಿಸಿದ್ದರು. ನಾನು ಆಗ ಎರಡನೆಯ ವರ್ಷಕ್ಕೆ ಬಂದಿದ್ದೆ, ಮಳೆ ಶುರುವಾಗಿತ್ತು. ಬಾಯಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕೇಕಿನ ಡಬ್ಬಿ ಹಿಡಿದುಕೊಂಡು ಕಾಲೇಜಿನ ಗೇಟಿಗೇ ಬಂದರು.

"ನೀನೇ ಅಲ್ವಾ ಪಾಲಿಸಿಯ ಹುಡುಗಿ? ಒಂದು ಸರಿಯಾಗಿ ಹೇಳು. ನಾವು ಇಷ್ಟು ವರ್ಷ ಕಟ್ಟಿದ್ದೇವೆ. ಅದು ಹೋಗುವುದು ಎಲ್ಲಿಗೆ?"

ಹಿಂದಿನ ದಿನವಷ್ಟೇ ನಮಗೆ ತೆರಿಗೆಯ ಪಾಠ ಆಗಿತ್ತು. ಎಚ್ಚೆತ್ತ ಪ್ರಜೆಗಳು ತಾವಾಗಿ ಬಂದು ಇಂಥದ್ದನ್ನು ಕೇಳುತ್ತಾರೆ ಎಂದು ಮೇಷ್ಟ್ರು ಹೇಳಿದಾಗ ನಾವು ಹಿಂದಿನ ಬೆಂಚಿನಲ್ಲಿ ನಕ್ಕಿದ್ದೆವು. ಈಗ ಪ್ರಜೆ ಕೇಕಿನ ಸಮೇತ ಎದುರಿಗೆ ನಿಂತಿದ್ದಾರೆ.

"ರಸ್ತೆಗೆ ಹೋಗುತ್ತದೆ, ಬಾಯಿ."

"ನಾವು ಕಟ್ಟಿದ್ದು, ರಸ್ತೆಗೆ?"

"ರಸ್ತೆಗೆ, ಸೇತುವೆಗೆ. ನಿಮ್ಮ ಊರಿನ ಹೊಳೆಗೆ ಸೇತುವೆ ಉಂಟಲ್ಲ, ಅದರಲ್ಲಿ ನಿಮ್ಮದೂ ಸೇರಿದೆ."

ಬಾಯಿ ಕೊಡೆಯನ್ನು ಗಟ್ಟಿ ಹಿಡಿದುಕೊಂಡರು. "ಹಿಂದೆ ಕೊಡುವುದು ಯಾವಾಗ?"

"ಹಿಂದೆ ಕೊಡುವುದಿಲ್ಲ. ಅದು ಎಲ್ಲರಿಗೂ ಸೇರಿದ್ದು."

"ನಾನು ಸತ್ತರೆ?"

"ಸತ್ತರೂ ಇಲ್ಲ ಬಾಯಿ. ನೀವು ಸತ್ತ ಮೇಲೂ ಸೇತುವೆ ಇರುತ್ತದೆ. ನಿಮಗೆ ಅದೇ ಲಾಭ."

ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನನ್ನ ಕಡೆ ಚಾಚಿದ್ದ ಕೇಕಿನ ಡಬ್ಬಿ ವಾಪಸು ಚೀಲಕ್ಕೆ ಹೋಯಿತು. ಅವರು ಹತ್ತಿದ ಬಸ್ಸು ಕಲ್ಯಾಣಪುರದ್ದಲ್ಲ, ಕಾರ್ಕಳದ್ದು.

ಸಂಜೆಯೊಳಗೆ ಮಾವ ಕಾಪುವಿನಲ್ಲಿದ್ದರು. ಚಪ್ಪಲಿ ಕಳಚುವ ಮೊದಲೇ, "ನನ್ನ ಗಿರಾಕಿಯ ಪ್ರೀಮಿಯಂನಲ್ಲಿ ಸೇತುವೆ ಕಟ್ಟಿಸಿದವಳು ಎಲ್ಲಿ?" ಎಂದು ಕೇಳಿದರು. ಆಗ ಒಂದೊಂದಾಗಿ ಎಲ್ಲ ಹೊರಗೆ ಬಂತು. ನಾನು ಓದುತ್ತಿರುವುದು ಎಂತ ಎಂದು ಅವರಿಗೆ, ಅವರು ಒಪ್ಪಿದ್ದು ಎಂತಕ್ಕೆ ಎಂದು ನನಗೆ, ಇಬ್ಬರಿಗೂ ಅವತ್ತೇ ಗೊತ್ತಾದದ್ದು. ಮುಂದೆ ಮಾವ ಹೇಳಿದ್ದೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಬಿಟ್ಟಿದ್ದೇನೆ, ಉಳಿದ ಅರ್ಧವನ್ನು ತೊಳೆದಿದ್ದೇನೆ.

"ಬೇಸಗೆಯಲ್ಲಿ ನನ್ನ ಹೊಸ ಮನೆಯ ಒಕ್ಕ್ಲು ಉಂಟು, ಗೃಹಪ್ರವೇಶ. ಆವತ್ತು ನಿನ್ನ ಮೇಷ್ಟ್ರನ್ನು ಕರೆದುಕೊಂಡು ಬಾ. ಇದನ್ನು ಓದಿದರೆ ಯಾರಿಗೆ ಎಂತ ಉಪಕಾರ ಎಂದು ಅವರು ನನ್ನ ಮಂಡೆಗೆ ಹೋಗುವ ಹಾಗೆ ಹೇಳಬೇಕು. ಹೋಗದಿದ್ದರೆ ಜೂನಿನಿಂದ ನೀನು ಟಿ.ಸಿ.ಎಚ್."

ಅಡುಗೆ ಮನೆಯಿಂದ ಅಮ್ಮ "ಹಾಗೇ ಆಗಲಿ ಅಣ್ಣ" ಎಂದದ್ದರಲ್ಲಿ ಖುಷಿ ಸ್ವಲ್ಪ ಜಾಸ್ತಿಯೇ ಇತ್ತು. ನನಗೆ ಊಟ ಸೇರಲಿಲ್ಲ. ಆ ಒಂದು ವರ್ಷದಲ್ಲಿ ಆ ವಿಷಯ ನನಗೆ ತುಂಬ ಹಿಡಿಸಿತ್ತು. ನಲ್ಲಿಯಲ್ಲಿ ನೀರು ಬಾರದಿದ್ದರೆ ಬೈಯುವುದು ಬಿಟ್ಟು, ಯಾಕೆ ಬರುವುದಿಲ್ಲ ಎಂದು ಹುಡುಕುತ್ತಾ ಹೋಗಲಿಕ್ಕೆ ಅಲ್ಲಿ ಕಲಿಸುತ್ತಿದ್ದರು. ಬೈಯುವುದು ನನಗೆ ಮೊದಲೇ ಬರುತ್ತಿತ್ತು.

ಬಾಯಿಗೆ ಮಾವ ಎಲ್ಲ ಬಿಡಿಸಿ ಹೇಳಿ ಸಮಾಧಾನ ಮಾಡಿದರು. ಆದರೂ ಬಸ್ಸು ಸೇತುವೆ ದಾಟುವಾಗ ಅವರು ಈಗಲೂ ಕಿಟಕಿಯಿಂದ ಬಗ್ಗಿ ನೋಡುತ್ತಾರಂತೆ, ತಮ್ಮ ಕಂಬ ಯಾವುದು ಎಂದು.

೩. ಕನ್ನಡದಲ್ಲೇ ಹೇಳಿ

ಮರುದಿನ ಮೇಷ್ಟ್ರ ಹತ್ತಿರ ಎಲ್ಲ ಹೇಳಿಕೊಂಡೆ. ನಮ್ಮ ಮೇಷ್ಟ್ರು ಸಾವಕಾಶದ ಮನುಷ್ಯ. ಅಚ್ಚು ಹಾಕಿದ ಹಾಗೆ ಕನ್ನಡ ಮಾತಾಡುವವರು, ವಾಕ್ಯ ಮುಗಿದರೆ ಪೂರ್ಣವಿರಾಮ ಕೂಡ ಕೇಳಿಸುತ್ತಿತ್ತು. ಅವರು ಕಣ್ಣುಮುಚ್ಚಿ ಯೋಚಿಸಿ ಹೇಳಿದರು: "ತಪ್ಪು ನಿನ್ನದಲ್ಲ, ಇಂಗ್ಲಿಷಿನದು. ಪಾಲಿಸಿ ಎಂಬ ಶಬ್ದವನ್ನು ವಿಮೆಯವರು ಮೊದಲೇ ಹಿಡಿದಿಟ್ಟುಕೊಂಡಿದ್ದಾರೆ. ಇನ್ನು ಮುಂದೆ ಎಲ್ಲಿ ಹೋದರೂ ನೀವೆಲ್ಲ ಕನ್ನಡದಲ್ಲೇ ಹೇಳಿ. ಸಾರ್ವಜನಿಕ ನೀತಿ. ಯಾರಿಗೂ ಗೊಂದಲ ಆಗುವುದಿಲ್ಲ."

ಮೇಷ್ಟ್ರು ದೇವರಂಥವರು. ಆದರೆ ಅವರು ಬಸ್ಸಿನಲ್ಲಿ ಓಡಾಡುವವರಲ್ಲ.

ಕಾಪುವಿನಿಂದ ಉಡುಪಿ ದಾಟಿ ಮಣಿಪಾಲಕ್ಕೆ ಹೋಗುವ ನಮ್ಮ ಬಸ್ಸಿನ ಕಂಡಕ್ಟರ್ ಒಬ್ಬ ಬಾಯಿಬಡುಕ. ಕಾಲೇಜಿನವರೆಂದರೆ ವಿಚಾರಿಸದೆ ಟಿಕೇಟು ಹರಿಯುತ್ತಿರಲಿಲ್ಲ. "ಎಂತ ಸಬ್ಜೆಕ್ಟ್ ಅಕ್ಕ?" ಎಂದು ಕೇಳಿದ. "ಸಾರ್ವಜನಿಕ ನೀತಿ" ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಸೀಟಿ ಊದಿ, ಬಾಗಿಲ ಕಡೆ ತಿರುಗಿ ಬೊಬ್ಬೆ ಹೊಡೆದ: "ಫುಟ್‌ಬೋರ್ಡಿನವರೆಲ್ಲ ಒಳಗೆ ಬನ್ನಿ, ಸಾರ್ವಜನಿಕರಿಗೆ ನೀತಿ ಹೇಳಲಿಕ್ಕೆ ಕಾಲೇಜಿನಿಂದ ಜನ ಬಂದಿದ್ದಾರೆ."

ಅಲ್ಲಿಂದ ಮೇಲೆ ನನಗೆ ದಿನಾ ಕೆಲಸ. ಹೆಂಗಸರ ಸೀಟಿನಲ್ಲಿ ಗಂಡಸು ಕೂತರೆ, "ಅಕ್ಕ, ಇವರಿಗೆ ಸ್ವಲ್ಪ ನೀತಿ." ಯಾರೋ ಬೀಡಿ ಹಚ್ಚಿದರೆ, "ಅಕ್ಕ, ಹಿಂದಿನ ಸೀಟಿಗೆ ಒಂದು ನೀತಿ." ಕೊನೆಗೆ ನನಗೂ ಪಿತ್ತ ನೆತ್ತಿಗೇರಿತು. "ನೀತಿ ಹೇಳುವುದಾದರೆ ನಿಮ್ಮಿಂದಲೇ ಶುರು ಮಾಡುತ್ತೇನೆ. ನನ್ನ ಚಿಲ್ಲರೆ ಕೊಡಿ" ಎಂದೆ. ಬಸ್ಸಿಡೀ ನಕ್ಕಿತು. ಅವನು ತಲೆ ತುರಿಸಿಕೊಂಡು ಕೊಟ್ಟ. ಆ ಬಸ್ಸಿನಲ್ಲಿ ಚಿಲ್ಲರೆ ಹಿಂದೆ ಬಂದದ್ದು ಅದೇ ಮೊದಲು ಎಂದು ಹಿರಿಯರು ಹೇಳಿದರು.

ಮನೆಯಲ್ಲಿ ಇನ್ನೊಂದು. ಮಣಿಪಾಲದಲ್ಲಿ ಒಳ್ಳೆ ಕೆಲಸದಲ್ಲಿದ್ದ ಒಬ್ಬ ಹುಡುಗನ ಅಮ್ಮ, ಸುಮ್ಮನೆ ನೋಡಿಟ್ಟುಕೊಳ್ಳಲಿಕ್ಕೆ ಎಂದು ನಮ್ಮಲ್ಲಿಗೆ ಬಂದಿದ್ದರು. ಓದುವ ಹುಡುಗಿಯನ್ನು ನೋಡಲಿಕ್ಕೆ ಎಂತ ಉಂಟೋ ನನಗೆ ಗೊತ್ತಿಲ್ಲ. ಅಮ್ಮ ಗೋಳಿಬಜೆ ಬಡಿಸಿ, ನಾನು ಹೇಳಿಕೊಟ್ಟದ್ದರಲ್ಲಿ ಮೊದಲ ಶಬ್ದ ಮರೆತು ಬಾಯಿಪಾಠ ಒಪ್ಪಿಸಿದರು: "ಇವಳು ಉಡುಪಿಯಲ್ಲಿ ನೀತಿ ಓದುತ್ತಾಳೆ."

ಅವರು ಬಜೆಯನ್ನು ಚಟ್ನಿಗೆ ಅದ್ದಿದವರು ಅಲ್ಲೇ ಬಿಟ್ಟರು. "ನೀತಿಯಾ? ಅದನ್ನು ನೀವು ಮನೆಯಲ್ಲೇ ಕಲಿಸಲಿಲ್ವಾ?"

ಅವರು ಹೋದ ಮೇಲೆ ಅಮ್ಮ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ. ನಾನು ಉಳಿದ ಗೋಳಿಬಜೆಯನ್ನೆಲ್ಲ ತಿಂದೆ.

೪. ಎಂತ ತೊಂದರೆ

ನಮ್ಮ ತರಗತಿಯಲ್ಲಿ ಇದ್ದದ್ದೇ ಬೆರಳೆಣಿಕೆಯ ಜನ. ಅದರಲ್ಲಿ ಒಬ್ಬ ಬಾಗಲಕೋಟೆ ಕಡೆಯವನು. ಆಗ ಮಣಿಪಾಲದಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು, ಅವನ ಅಪ್ಪ ಗಾರೆ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಹುಡುಗ ಬುದ್ಧಿವಂತ, ಮನಸ್ಸು ಮಾತ್ರ ಬೆಣ್ಣೆ. ಯಾರ ಕಷ್ಟ ಕೇಳಿದರೂ ಕರವಸ್ತ್ರ ತೆಗೆಯುತ್ತಿದ್ದ.

ಆ ಮಳೆಗಾಲದಲ್ಲಿ ಮೇಷ್ಟ್ರು ನಮ್ಮನ್ನು ಒಬ್ಬೊಬ್ಬರನ್ನು ಒಂದೊಂದು ಊರಿಗೆ ಸಮೀಕ್ಷೆಗೆ ಕಳುಹಿಸಿದರು. ಅವನಿಗೆ ಸಿಕ್ಕಿದ್ದು ಉಚ್ಚಿಲದಿಂದ ಸ್ವಲ್ಪ ಒಳಗಿನ ಒಂದು ಊರು. ನೀರಿಗೆ ತೊಂದರೆ ಉಂಟಾ, ರಸ್ತೆಗೆ ತೊಂದರೆ ಉಂಟಾ, ಕರೆಂಟಿಗೆ ತೊಂದರೆ ಉಂಟಾ, ಇಷ್ಟು ಕೇಳಿ ಬರುವುದು. ವಾರ ಕಳೆದು ಅವನು ತರಗತಿಯಲ್ಲಿ ವರದಿ ಓದಲಿಕ್ಕೆ ನಿಂತ. ಎರಡು ಸಾಲು ಓದುವಾಗಲೇ ಕರವಸ್ತ್ರ ಹೊರಗೆ ಬಂತು.

"ಸರ್, ನಮ್ಮ ಬಯಲುಸೀಮ್ಯಾಗೂ ಇಷ್ಟು ತ್ರಾಸ ಇಲ್ರೀ. ನೀರು ಕೇಳಿದ್ರ, ಎಂಥಾ ತೊಂದರೆ ಅಂತಾರ್ರೀ. ದಾರಿ ಕೇಳಿದ್ರ, ಎಂಥಾ ತೊಂದರೆ ಅಂತಾರ್ರೀ. ಒಂದ ಮನಿ ಬಿಟ್ಟಿಲ್ರೀ, ಎಲ್ಲಾರ ಬಾಯಾಗೂ ಅದ ಮಾತು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರೇ ಕೂತು ಅದನ್ನು ನಾಲ್ಕು ಸಾಲು ಮಾಡಿ ಊರಿನ ಪೇಪರಿಗೆ ಕಳುಹಿಸಿದರು. 'ನೀರಿಗಾಗಿ ಹಾಹಾಕಾರ' ಎಂದು ದಪ್ಪ ಅಕ್ಷರದಲ್ಲಿ ಬಂತು. ಅದನ್ನು ನೋಡಿದ ಮೇಲೆ ನನಗೆ ಸಂಶಯ ಹುಟ್ಟಿ ಅವನನ್ನು ಹಿಡಿದು ಕೇಳಿದೆ, "ಅವರು ಸರಿಯಾಗಿ ಹೇಳಿದ್ದು ಎಂತ ಮಾರಾಯ?"

"ಹೇಳಿದ್ನಲ್ರೀ ಅಕ್ಕಾರ. ಎಂತ ತೊಂದರೆ."

ನಾನು ತಲೆಗೆ ಕೈ ಇಟ್ಟುಕೊಂಡೆ. ನಮ್ಮ ಕಡೆ "ಎಂತ ತೊಂದರೆ?" ಎಂದರೆ ತೊಂದರೆ ಗಿಂದರೆ ಏನೂ ಇಲ್ಲ, ನಿಮಗೆ ಬೇರೆ ಕೆಲಸ ಇಲ್ವಾ ಎಂದು ಅರ್ಥ. ಅವನ ಕಡೆ "ಎಂಥಾ ತೊಂದರೆ" ಎಂದರೆ ಹೇಳಿ ಮುಗಿಯದಷ್ಟು ತೊಂದರೆ. ಸುಖವಾಗಿದ್ದ ಒಂದು ಇಡೀ ಊರನ್ನು ಅವನು ಒಂದು ಮಹಾಪ್ರಾಣದಲ್ಲಿ ಮುಳುಗಿಸಿಬಿಟ್ಟಿದ್ದ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಮುಂದಿನ ಚುನಾವಣೆಗೆ ನಿಲ್ಲಬೇಕೆಂದು ತುದಿಗಾಲಿನಲ್ಲಿದ್ದ ಒಬ್ಬ ನಾಯಕರು ಪೇಪರು ಓದಿದವರೇ ಆ ಊರಿಗೆ ತಮ್ಮ ಹೆಸರು ಬರೆಸಿದ ನೀರಿನ ಟ್ಯಾಂಕರ್ ಕಳುಹಿಸಿದರು. ಮಳೆ ಧೋ ಎಂದು ಹೊಯ್ಯುತ್ತಿದೆ. ಬಾವಿ ತುಂಬಿ ಅಂಗಳಕ್ಕೆ ಬಂದಿದೆ. ಹೆಂಗಸರು ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು, ಮನೆಯ ಬಾಗಿಲಿಗೆ ಬಂದದ್ದನ್ನು ಬೇಡ ಎನ್ನುವುದು ಹೇಗೆ ಎಂದು ಬಿಂದಿಗೆ ಹಿಡಿದರು. ಟ್ಯಾಂಕರಿನ ಡ್ರೈವರನೂ ಘಟ್ಟದ ಮೇಲಿನವನೇ. ಪಾಪ, ಅವನು ಒಬ್ಬ ಅಜ್ಜಿಯ ಹತ್ತಿರ, "ನಿಮಗ ನೀರಿಂದು ಭಾಳ ತೊಂದರೆ ಐತೇನಜ್ಜಿ?" ಎಂದು ಕೇಳಿದ.

"ಎಂತ ತೊಂದರೆ?" ಎಂದರು ಅಜ್ಜಿ.

ಅವನು ಕಣ್ಣೊರೆಸಿಕೊಂಡು ಹೋಗಿ ಇನ್ನೊಂದು ಟ್ಯಾಂಕರ್ ತಂದ.

೫. ಒಕ್ಕ್ಲಿನ ಊಟ

ಬೇಸಗೆ ಬಂತು, ಮಾವನ ಮನೆ ಒಕ್ಕ್ಲೂ ಬಂತು. ಅದರ ಜೊತೆಗೆ ಚುನಾವಣೆಯೂ ಬಂತು. ಚುನಾವಣೆ ಎಂದ ಕೂಡಲೇ ನೀತಿ ಸಂಹಿತೆ ಜಾರಿ. ಅದು ನಿಮಗೆ ಗೊತ್ತುಂಟಲ್ಲ, ಓಟಿಗೆ ನಿಂತವರು ಜನರಿಗೆ ಊಟ ಹಾಕಿಸಬಾರದು, ಏನನ್ನೂ ಹಂಚಬಾರದು, ಹಂಚಿದರೆ ಅಧಿಕಾರಿಗಳು ಬಿಳಿ ಜೀಪಿನಲ್ಲಿ ಕ್ಯಾಮೆರಾ ಸಮೇತ ಬಂದು ಹಿಡಿಯುತ್ತಾರೆ. ಆ ದಿನಗಳಲ್ಲಿ ಬಿಳಿ ಜೀಪು ಕಂಡರೆ ಮದುವೆಯ ವಾಲಗದವರೂ ಒಮ್ಮೆ ನಿಲ್ಲಿಸಿ ನೋಡುತ್ತಿದ್ದರು.

ನಮಗೆ ಅದೆಲ್ಲ ತಲೆಯಲ್ಲಿ ಇರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಜೂನ್. ಮೇಷ್ಟ್ರು ಇವತ್ತು ಮಾವನನ್ನು ಒಪ್ಪಿಸಬೇಕು, ಇಲ್ಲದಿದ್ದರೆ ಟಿ.ಸಿ.ಎಚ್. ಮೇಷ್ಟ್ರಂತೂ ಬಹಳ ಉತ್ಸಾಹದಲ್ಲಿದ್ದರು. ಹೇಗೂ ಕಾರ್ಕಳಕ್ಕೆ ಹೋಗುವುದು, ಅಲ್ಲೊಂದು ಅಧ್ಯಯನವೂ ಆಗಲಿ ಎಂದು ಒಂದು ಜೀಪು ಗೊತ್ತು ಮಾಡಿದ್ದರು, ಬಿಳಿಯದ್ದು. ಅದರ ಮುಂದೆ 'ಸಾರ್ವಜನಿಕ ನೀತಿ ವಿಭಾಗ' ಎಂದು ಬಟ್ಟೆಯ ಬ್ಯಾನರು, ಅವರ ಕನ್ನಡದ ಹಟ. ಬಾಗಲಕೋಟೆಯವನ ಕುತ್ತಿಗೆಯಲ್ಲಿ ಕಾಲೇಜಿನ ದೊಡ್ಡ ಕ್ಯಾಮೆರಾ. ದಾರಿಯಲ್ಲಿ ಗಾಳಿ ಹೊಡೆದು ಬ್ಯಾನರಿನ ಒಂದು ಬದಿ ಹಿಂದಕ್ಕೆ ಮಡಚಿಕೊಂಡಿತು. 'ಸಾರ್ವಜನಿಕ' ಒಳಗೆ ಹೋಯಿತು, 'ನೀತಿ ವಿಭಾಗ' ಹೊರಗೆ ಉಳಿಯಿತು. ನಾವು ನೋಡಲಿಲ್ಲ.

ಅತ್ತ ಮಾವನ ಮನೆಯಲ್ಲಿ ಆಗುತ್ತಿದ್ದದ್ದೇ ಬೇರೆ. ಪೂಜೆ ಹಿಂದಿನ ದಿನವೇ ಮುಗಿದು, ಅವತ್ತು ಬಂಧುಗಳಿಗೆ ಕೋಳಿ ಸಾರು, ಅಕ್ಕಿಯ ಒಣ ರೊಟ್ಟಿ. ಅದಕ್ಕೆ ಆ ಟ್ಯಾಂಕರಿನ ನಾಯಕರು, ಯಾರೋ ಗುರುತಿನವರು ಕರೆದರು ಎಂದು, ತಮ್ಮ ಹಿಂಡು ಕಟ್ಟಿಕೊಂಡು ಬಂದಿಳಿದಿದ್ದರು. ಮನೆ ಒಕ್ಕ್ಲಿಗೆ ಬಂದವರನ್ನು ಉಣ್ಣಬೇಡಿ ಎನ್ನಲಿಕ್ಕಾಗುತ್ತದಾ? ಅವರ ಜನ ಮೊದಲ ಪಂಕ್ತಿಗೆ ಕೂತರು, ಎದ್ದರು, ಇನ್ನಷ್ಟು ಜನ ಬಂದು ಎರಡನೆಯ ಪಂಕ್ತಿಗೆ ಕೂತರು. ನಾಯಕರು ಚಪ್ಪರದ ನಡುವೆ ನಿಂತು, ತಾವೇ ಊಟ ಹಾಕಿಸಿದವರ ಹಾಗೆ "ಸಾವಕಾಶ ಊಟ ಮಾಡಿ" ಎನ್ನುತ್ತಾ ಎಲ್ಲರಿಗೂ ತಮ್ಮ ಗುರುತಿನ ಕೊಡೆ ಹಂಚುತ್ತಿದ್ದರು. ಮದುವೆಯಲ್ಲಿ ಉಂಡವನೇ ಜಾಣ ಎನ್ನುವ ಮಾತು ಆ ಪಕ್ಷದವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ದೊಡ್ಡಮ್ಮ, ಅಂದರೆ ಮಾವನ ದೊಡ್ಡಕ್ಕ, ಬೆಳಗಿನಿಂದ ಏನೂ ತಿನ್ನದೆ ಮಾವಿನ ಮರದ ಅಡಿ ಕೂತಿದ್ದರು. ಒಳಗೆ ಹಂಡೆಯ ತಳ ಕಾಣಲಿಕ್ಕೆ ಶುರುವಾಗಿತ್ತು. ಹೊಸ ಮನೆಯ ಮೊದಲ ಊಟ, ಒಡಹುಟ್ಟಿದವಳಿಗೇ ಇಲ್ಲ. ಮಾವನ ಮುಖ ಕೋಳಿ ಇಲ್ಲದ ರೊಟ್ಟಿಯ ಹಾಗೆ ಒಣಗಿತ್ತು ಎಂದು ಮಾಮಿ ಆಮೇಲೆ ಹೇಳಿದರು.

ಸರಿಯಾಗಿ ಆ ಹೊತ್ತಿಗೆ ನಮ್ಮ ಜೀಪು ಗೇಟಿಗೆ ಬಂದು ನಿಂತಿತು.

ಮೇಷ್ಟ್ರು ಇಳಿದರು. ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ಫೈಲು. ಬಾಗಿಲಲ್ಲಿ ಕೊಡೆಯ ಕಟ್ಟು ಹಿಡಿದು ನಿಂತಿದ್ದ ನಾಯಕರ ಕಡೆಯವನು, "ಯಾರು ನೀವು?" ಎಂದು ಕೇಳಿದ.

"ನಾವು ನೀತಿಯವರು" ಎಂದರು ಮೇಷ್ಟ್ರು, ಇಡೀ ಚಪ್ಪರಕ್ಕೆ ಕೇಳುವ ಹಾಗೆ. ಆಮೇಲೆ ಮಾವನಿಗೆ ಶುಭ ಹೇಳಬೇಕೆಂದು ವಿನಯದಿಂದ ಕೇಳಿದರು: "ಇಲ್ಲಿ ಊಟ ಹಾಕಿಸುತ್ತಿರುವವರು ಯಾರು? ಅವರನ್ನು ಕಾಣಬೇಕಾಗಿತ್ತು."

ಅವನ ಕೈಯಿಂದ ಕೊಡೆಯ ಕಟ್ಟು ಜಾರಿತು. ಅಷ್ಟರಲ್ಲಿ ಹಿಂದಿನಿಂದ ಬಾಗಲಕೋಟೆಯವನು ಕ್ಯಾಮೆರಾ ಎತ್ತಿ, "ಸರ್, ಎಲ್ಲಾರೂ ಉಣ್ಣಾಕ ಕುಂತಾಗನ ಒಂದು ಫೋಟೋ ಹೊಡಿಲೇನ್ರೀ?" ಎಂದ.

"ಹೊಡಿ" ಎಂದರು ಮೇಷ್ಟ್ರು. "ಎಲ್ಲರ ಮುಖವೂ ಬರಲಿ."

ಆಮೇಲೆ ಆದದ್ದನ್ನು ನಾನು ಇನ್ನೊಮ್ಮೆ ಎಲ್ಲೂ ಕಂಡಿಲ್ಲ. ಪಂಕ್ತಿ ಪಂಕ್ತಿಯೇ ಎದ್ದು ಹಿತ್ತಲಿನ ಕಡೆ ಓಡಿತು. ಬಾಯಿಯಲ್ಲಿ ಕೋಳಿಯ ಕಾಲಿದ್ದವನು ಅದನ್ನು ಉಗಿಯಲೂ ಇಲ್ಲ, ನುಂಗಲೂ ಇಲ್ಲ, ಕಚ್ಚಿಕೊಂಡೇ ಕಂಪೌಂಡ್ ಹಾರಿದ. ಕೊಡೆಗಳೆಲ್ಲ ಬಾವಿಗೆ ಬಿದ್ದವು. ನಾವು ಜೀಪಿನಿಂದ ಪೂರ್ತಿ ಇಳಿಯುವುದರೊಳಗೆ ಚಪ್ಪರ ಖಾಲಿ. ಮೇಷ್ಟ್ರಿಗೆ ಮನಸ್ಸು ತುಂಬಿ ಬಂತು. "ಕಾರ್ಕಳದವರು ಎಷ್ಟು ಸಂಕೋಚದ ಜನ" ಎಂದರು. "ನಾವು ಬಂದೆವೆಂದು ಊಟ ಬಿಟ್ಟು ಜಾಗ ಕೊಟ್ಟರು."

ನಾಯಕರಿಗೆ ಓಡಲಿಕ್ಕೆ ಹೊಟ್ಟೆ ಬಿಡಲಿಲ್ಲ. ಅವರು ಅಡುಗೆಯ ಶೆಡ್ಡಿಗೆ ನುಗ್ಗಿ, ತಲೆಗೆ ಅಡುಗೆಯವನ ಬೈರಾಸು ಟವೆಲು ಸುತ್ತಿ, ನೀರುಳ್ಳಿ ಹೆಚ್ಚಲಿಕ್ಕೆ ಕೂತುಬಿಟ್ಟಿದ್ದರು. ಮೇಷ್ಟ್ರಿಗೆ ಎಲ್ಲಿ ಹೋದರೂ ದುಡಿಯುವವರನ್ನು ಮೊದಲು ಮಾತಾಡಿಸುವ ಅಭ್ಯಾಸ. ಸೀದಾ ಅಲ್ಲಿಗೇ ಹೋಗಿ, ಕಣ್ಣು ಮೂಗಿನಿಂದ ನೀರು ಸುರಿಸುತ್ತಿದ್ದ ಅವರ ಎದುರಿಗೆ ಬಗ್ಗಿ, "ನಿಮಗೆ ಇಲ್ಲಿ ಏನಾದರೂ ತೊಂದರೆ ಉಂಟೇ?" ಎಂದು ಕೇಳಿದರು.

ನಾಯಕರು ತಲೆ ಎತ್ತಲಿಲ್ಲ. "ಎಂತ ತೊಂದರೆ" ಎಂದರು.

ಬಾಗಲಕೋಟೆಯವನು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಅಕ್ಕಾರ, ಇದು ನಿಮ್ಮ ಎಂತವೋ, ನಮ್ಮ ಎಂಥಾವೋ?"

"ಇದು ನಿಮ್ಮದೇ" ಎಂದೆ.

ಮಾವನಿಗೆ ಎಲ್ಲ ಅರ್ಥವಾಗಿತ್ತು. ಯಾರು ಯಾವುದಕ್ಕೆ ಹೆದರುತ್ತಾರೆ ಎಂದು ಗೊತ್ತಿಲ್ಲದೆ ಯಾರೂ ವಿಮೆ ಏಜೆಂಟ್ ಆಗುವುದಿಲ್ಲ. ಅವರು ಕೂಡಲೇ ಹೊಸ ಎಲೆ ಹಾಕಿಸಿದರು. ದೊಡ್ಡಮ್ಮನನ್ನು ಕೈ ಹಿಡಿದು ತಂದು ಮೊದಲ ಎಲೆಗೆ ಕೂರಿಸಿದರು. ಎಲ್ಲ ಬಂಧುಗಳೂ ಕೂತರು. ನಾಯಕರು ಹೆಚ್ಚಿದ ನೀರುಳ್ಳಿಯೂ ಕೆಲಸಕ್ಕೆ ಬಂತು, ಉಳಿದ ಸಾರಿಗೆ ಇನ್ನಷ್ಟು ಮಸಾಲೆ ಸೇರಿ ಎಲ್ಲರಿಗೂ ಸಾಕಾಯಿತು.

ಆಮೇಲೆ ಮಾವ ಮೇಷ್ಟ್ರ ಪಕ್ಕದಲ್ಲಿ ಕೂತರು. ಅಮ್ಮ ಬಡಿಸುವುದು ಬಿಟ್ಟು ಹತ್ತಿರ ಬಂದು ನಿಂತರು. "ಮೇಷ್ಟ್ರೇ, ಒಂದು ಮಾತು ಕೇಳಲಿಕ್ಕೆ ಉಂಟು" ಎಂದರು ಮಾವ. "ನೀವು ಕಲಿಸುವ ಈ ವಿಷಯದಿಂದ ಯಾರಿಗೆ ಎಂತ ಉಪಕಾರ?"

ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. ಅವರು ಶುರು ಮಾಡಿದರೆ ಒಂದು ಗಂಟೆ ಎಂದು ನನಗೆ ಗೊತ್ತಿತ್ತು, ಮಾವನ ಸಹನೆ ಎಷ್ಟೆಂದೂ ಗೊತ್ತಿತ್ತು. ನನ್ನ ಕತೆ ಮುಗಿಯಿತು ಎಂದುಕೊಂಡೆ. "ನೋಡಿ, ಸಾರ್ವಜನಿಕ ನೀತಿ ಎಂದರೆ, ಯಾವುದು ಯಾರಿಗೆ ಸಲ್ಲಬೇಕೋ ಅದು ನಡುವೆ ಬೇರೆಯವರ ಪಾಲಾಗದೆ, ಸರದಿಯಲ್ಲಿ ಹಿಂದೆ ಉಳಿದವರಿಗೂ ಸರಿಯಾಗಿ ತಲುಪುವಂತೆ..."

ಮಾವ ಪಂಕ್ತಿಯ ಕಡೆ ನೋಡಿದರು. ದೊಡ್ಡಮ್ಮ ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಿದ್ದರು.

"ತಲುಪಿತು ಮೇಷ್ಟ್ರೇ" ಎಂದರು ಮಾವ. "ಸಾಕು, ಅರ್ಥವಾಯಿತು."

ಅಮ್ಮನ ಕಡೆ ತಿರುಗಿ, "ಟಿ.ಸಿ.ಎಚ್.ನವರಿಗೆ ಸೀಟು ಬೇಡ ಎಂದು ಹೇಳಿಬಿಡು" ಎಂದರು. ನಾನು ನೀರುಳ್ಳಿಯ ಹತ್ತಿರ ಇರಲಿಲ್ಲ, ಆದರೂ ಕಣ್ಣಲ್ಲಿ ನೀರು ಬಂತು. ಮಾವನ ಕಾಲಿಗೆ ಬಗ್ಗಿದೆ. ಅವರು ತಲೆಯ ಮೇಲೆ ಕೈ ಇಟ್ಟು, ಈ ಸಲ ಎಂಡೋಮೆಂಟಿನ ಸುದ್ದಿ ಎತ್ತಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಜೀಪನ್ನು ಒಮ್ಮೆ ನೋಡಿ, ಸ್ವರ ತಗ್ಗಿಸಿ ಹೇಳಿದರು:

"ಬರುವ ವರ್ಷ ನಮ್ಮ ಚಿಕ್ಕ ಮಗಳ ಮದುವೆ ಮಾಡಬೇಕು. ಮೇಷ್ಟ್ರನ್ನು ಇದೇ ಜೀಪಿನಲ್ಲಿ ಕರೆದುಕೊಂಡು ಬಾ. ಆ ಬ್ಯಾನರನ್ನು ಮಾತ್ರ ಬಿಡಿಸಬೇಡಿ, ಮಡಚಿದ್ದು ಹಾಗೆಯೇ ಇರಲಿ."